ವ್ಯಾಗನ್ ಮೇಲೆ ಕಾರು ಕಟ್ಟಿಕೊಟ್ಟವರಿಗೆ

ಪ್ರಯಾಣಿಕರ ರೈಲಿಗೆ ಜೋಡಿಸುವ ಕಾರು ವ್ಯಾಗನ್‌ಗೆ ನಮ್ಮ ಹಳೆಯ ಕಾರನ್ನು ಹತ್ತಿಸಿ, ಬಿಗಿದು, ಹೆಸರೂ ಹೇಳದೆ ಮುಂದಿನ ಗಾಡಿಯತ್ತ ನಡೆದ ಲೋಡಿಂಗ್ ಸಿಬ್ಬಂದಿಯವರೇ, ನಿಮಗೆ ಹೃತ್ಪೂರ್ವಕ ಧನ್ಯವಾದಗಳು.

ಕಾರಿನ ತಳಕ್ಕೂ ನೆಲಕ್ಕೂ ಇರುವ ಅಂತರವನ್ನು ಮೊದಲೇ ಬಗ್ಗಿ ನೋಡಿದಿರಿ. ಏರು ಮುಗಿದು ಡೆಕ್ (ವ್ಯಾಗನ್‌ನ ಸಮತಟ್ಟಾದ ಹಾಸು) ಶುರುವಾಗುವ ಅಂಚಿನಲ್ಲೇ ಸೈಲೆನ್ಸರ್ ಪೈಪ್ ಉಜ್ಜುವುದು. ಅಲ್ಲಿ ಹಲಗೆ ಕೊಟ್ಟು ಏರನ್ನು ತಗ್ಗಿಸಿದಿರಿ.

ಬೆಲ್ಟನ್ನು ಬಂಪರ್‌ಗಾಗಲಿ ಚಾಸಿಗಾಗಲಿ ಹಾಕದೆ ಟೈರುಗಳ ಮೇಲೆ ಹಾಯಿಸಿದ್ದಕ್ಕೆ ಎಷ್ಟು ವಂದಿಸಿದರೂ ಕಡಿಮೆಯೇ. ಬಾಡಿಯನ್ನು ಕೆಳಕ್ಕೆ ಜಗ್ಗಿ ಕಟ್ಟಿದರೆ, ರೈಲು ಕುಲುಕಿದಾಗ ಸ್ಪ್ರಿಂಗ್ ಇನ್ನಷ್ಟು ಕುಗ್ಗಿ ಬೆಲ್ಟ್ ಸಡಿಲಾಗುತ್ತದೆ, ಮರುಕ್ಷಣ ಒದೆಯುತ್ತದೆ, ಕೊಕ್ಕೆ ಕಳಚಿಕೊಳ್ಳುವುದು ಹೀಗೆಯೇ. ಚಕ್ರ ಕಟ್ಟಿದರೆ ಸಸ್ಪೆನ್ಷನ್ ತನ್ನ ಪಾಡಿಗೆ ಆಡುತ್ತಿರುತ್ತದೆ. ತಂತಿಯ ಸ್ಪೋಕ್‌ಗಳಿಗೆ ಬೆಲ್ಟ್ ತಾಗದಂತೆಯೂ ನೋಡಿಕೊಂಡಿರಿ.

ಹಳೆಯ ಹ್ಯಾಂಡ್‌ಬ್ರೇಕ್ ಕೇಬಲ್ ಹಿಗ್ಗಿರುತ್ತದೆಂದು ಗೊತ್ತಿದ್ದುದರಿಂದಲೇ ಮೊದಲ ಗೇರ್ ಹಾಕಿಸಿ, ಚಕ್ರಗಳ ಹಿಂದೂ ಮುಂದೂ ಮರದ ತುಂಡು ಅಡ್ಡ ಕೊಟ್ಟಿರಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿದಿರಿ. ಮೇಲೆ 25,000 ವೋಲ್ಟ್‌ವರೆಗಿನ ವಿದ್ಯುತ್ ತಂತಿ ಹಾಯುವುದರಿಂದ ಕಾರಿನ ರೇಡಿಯೊ ಏರಿಯಲ್ ಕಳಚಿಸಿದಿರಿ.

ಹೊದಿಕೆ ಬೇಡವೆಂದದ್ದು ತುಂಬಾ ಸರಿ. ತೆರೆದ ವ್ಯಾಗನ್‌ನಲ್ಲಿ ಗಾಳಿಗೆ ಬಡಿದುಕೊಳ್ಳುವ ಬಟ್ಟೆಯ ಅಡಿಗೆ ಬ್ರೇಕಿನ ಕಬ್ಬಿಣದ ಧೂಳು ಸೇರಿದರೆ ಬಣ್ಣವನ್ನು ಉಪ್ಪುಕಾಗದದಂತೆ ತಿಕ್ಕಿಬಿಡುತ್ತದೆ. ಇಳಿಸಿದ ಮೇಲೂ ಒಣಬಟ್ಟೆ ಮುಟ್ಟಿಸಬೇಡಿ, ಮೊದಲು ಧಾರಾಳವಾಗಿ ನೀರು ಹಾಯಿಸಿ ಎಂದಿದ್ದಿರಿ. ಹಾಗೆಯೇ ಮಾಡಿದೆವು, ಬಣ್ಣದ ಮೇಲೆ ಒಂದು ಗೀರೂ ಇಲ್ಲ.