ಕೋಳಿ ಎಂದು ಬರೆದವನಿಗೆ ತಪ್ಪು ಬಿದ್ದ ಕತೆ: ಗೆಳೆಯನಿಗೊಂದು ಪತ್ರ

ಮಂಗಳೂರು
ಆಟಿ ತಿಂಗಳು, ಬಿಡದ ಮಳೆ

ಮಾರಾಯಾ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಕರೆಂಟು ಹೋಯಿತು, ಫೋನಿನಲ್ಲಿ ಚಾರ್ಜ್ ಇರಲಿಲ್ಲ ಎಂದದ್ದು ಅರ್ಧ ಸತ್ಯ. "ಪೇಮೆಂಟ್ ಸಾಫ್ಟ್‌ವೇರ್ ಬರೆಯುವುದು ಬಿಟ್ಟು ಮಕ್ಕಳ ಪಾಠದ ಆ್ಯಪ್ ಮಾಡಲಿಕ್ಕೆ ಬರಬೇಕಾ? ಎಂತಕ್ಕೆ?" ಎಂದು ನೀನು ಕೇಳಿದಾಗ, ಫೋನಿನಲ್ಲಿ ಹೇಳಿ ಮುಗಿಸುವಷ್ಟು ಸಣ್ಣ ಉತ್ತರ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ಈ ಪತ್ರ. ಇದೇ ಪ್ರಶ್ನೆ ಇಟ್ಟುಕೊಂಡವರು ಇನ್ನೂ ನಾಲ್ಕು ಜನ ಇದ್ದಾರೆ, ಅದಕ್ಕೇ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ, ಹೆದರಬೇಡ. ನಿನ್ನ ಮ್ಯಾನೇಜರಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯವೂ ಉಂಟು.

ಕಳೆದ ವರ್ಷ ಬೆಳ್ತಂಗಡಿ ಕಡೆಯ ಒಂದು ಸರಕಾರಿ ಶಾಲೆಗೆ ಹೋಗಿದ್ದೆ. ನಮ್ಮ ಆ್ಯಪ್ ಹಾಕಿದ ಆರು ಟ್ಯಾಬ್ ಅಲ್ಲಿದ್ದವು. ಐದನೇ ಕ್ಲಾಸಿನ ಹುಡುಗನೊಬ್ಬನ ಹಿಂದೆ ಸುಮ್ಮನೆ ನಿಂತುಕೊಂಡೆ. ಪರದೆಯಲ್ಲಿ ಕೋಳಿಯ ಚಿತ್ರ, ಕೆಳಗೆ ಹೆಸರು ಬರೆಯುವ ಜಾಗ. ಅವನು 'ಕೋಳಿ' ಎಂದು ಟೈಪ್ ಮಾಡಿದ. ಕೆಂಪು ಗೀಟು ಬಂತು, ತಪ್ಪು. ಅಳಿಸಿ 'ಕೊಳಿ' ಎಂದು ಬರೆದ. ತಪ್ಪು. 'ಕೋಲಿ'. ಅದೂ ತಪ್ಪು. ಆಮೇಲೆ ಆಚೀಚೆ ನೋಡಿ, 'ಕೋರಿ' ಎಂದು ಬರೆದ. ಮನೆಯಲ್ಲಿ ತುಳುವಿನಲ್ಲಿ ಅದಕ್ಕೆ ಹಾಗೆಯೇ ಹೇಳುವುದಲ್ಲವಾ. ಮತ್ತೆ ಕೆಂಪು. "ಎಂಕ್ ಬರ್ಪುಜಿ" (ನನಗೆ ಬರುವುದಿಲ್ಲ) ಎಂದು ಟ್ಯಾಬನ್ನು ಪಕ್ಕದವಳ ಕಡೆ ತಳ್ಳಿ ಎದ್ದುಹೋದ.

ಮೊದಲು ಬರೆದದ್ದೇ ಸರಿ ಇತ್ತು. ತಪ್ಪು ನನ್ನದು.

ನೀನು ಇಂಜಿನಿಯರ್, ನಿನಗೆ ಬಿಡಿಸಿ ಹೇಳಬೇಕು. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ 'ಕೋ' ಎಂಬ ಅಕ್ಷರವನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಇಡಬಹುದು. 'ಕ'ದ ಮುಂದೆ ಓಕಾರದ ಚಿಹ್ನೆ ಒಂದನ್ನೇ ಇಡಬಹುದು. ಅಥವಾ ಏತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರು ತುಂಡು ಮಾಡಿ ಸಾಲಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ನಮ್ಮ ಸರಿಯುತ್ತರಗಳ ಪಟ್ಟಿ ಹಳೆಯ ಫಾಂಟಿನ ಫೈಲಿನಿಂದ ಪರಿವರ್ತನೆಯಾಗಿ ಬಂದದ್ದು, ಅದರಲ್ಲಿ ತುಂಡು ತುಂಡು. ಹುಡುಗನ ಕೀಬೋರ್ಡ್ ಕೊಟ್ಟದ್ದು ಇಡಿ ಅಕ್ಷರ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕಿತ್ತು. ಒಂದು ಸಾಲಿನ ಕೋಡ್. ನಾನು ಬರೆದಿರಲಿಲ್ಲ. ಇಂಗ್ಲಿಷ್ ಪದಗಳಲ್ಲಿ ಪರೀಕ್ಷೆ ಮಾಡಿ, ಎಲ್ಲ ಹಸಿರು ಬಂತೆಂದು ಚಾ ಕುಡಿಯಲು ಹೋಗಿದ್ದೆ.

ಅಷ್ಟಕ್ಕೆ ಮುಗಿದಿದ್ದರೆ ಇದನ್ನು ನಿನಗೆ ಬರೆಯುತ್ತಿರಲಿಲ್ಲ. ಆಫೀಸಿಗೆ ಬಂದು ಲಾಗ್, ಅಂದರೆ ಆ್ಯಪ್ ಬಳಸಿದ್ದರ ದಾಖಲೆ, ತೆಗೆದು ನೋಡಿದೆ. ಮಗುವಿನ ಮಟ್ಟ ನೋಡಿಕೊಂಡು ಮುಂದಿನ ಪಾಠ ಕೊಡುವ ಒಂದು ಭಾಗ ನಮ್ಮ ಆ್ಯಪ್‌ನಲ್ಲಿ ಉಂಟು, ನಮಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಉಂಟು. ಅದು ಆ ಹುಡುಗನ ನಾಲ್ಕು ತಪ್ಪು ಲೆಕ್ಕ ಹಾಕಿ, ಇವನಿಗೆ ಓಕಾರ ಬರುವುದಿಲ್ಲ ಎಂದು ತೀರ್ಮಾನಿಸಿ, ಅವನನ್ನು ಮೂರನೇ ಕ್ಲಾಸಿನ ಕಾಗುಣಿತಕ್ಕೆ ಇಳಿಸಿತ್ತು. ಅಲ್ಲಿಯೂ 'ಕೋ' ಬಂತು. ಅಲ್ಲಿಯೂ ಅವನು ಸರಿ ಬರೆದ. ಅಲ್ಲಿಯೂ ತಪ್ಪು.

ನಾವಿಬ್ಬರೂ ಪೇಮೆಂಟ್ ಟೀಮಿನಲ್ಲಿದ್ದಾಗ ಒಂದು ಪೈಸೆ ಆಚೀಚೆ ಆದರೂ ಎಷ್ಟು ಗಲಾಟೆ, ನೆನಪುಂಟಾ? ಅರ್ಧ ಗಂಟೆಯೊಳಗೆ ಗಿರಾಕಿ ಬೈಯುತ್ತಿದ್ದ, ಬ್ಯಾಂಕಿನವರು ಬೈಯುತ್ತಿದ್ದರು, ಆಮೇಲೆ ನಮ್ಮ ಮ್ಯಾನೇಜರ್. ಆ ಬೈಗುಳವೇ ನಮ್ಮನ್ನು ಕಾಯುತ್ತಿತ್ತು ಎಂದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ತನ್ನ ದುಡ್ಡು ಎಷ್ಟೆಂದು ಗಿರಾಕಿಗೆ ಗೊತ್ತು, ಅದಕ್ಕೇ ಯಂತ್ರ ತಪ್ಪಿದರೆ ಹಿಡಿಯುತ್ತಾನೆ. ಕಲಿಯುವ ಮಗುವಿಗೆ ಸರಿ ಯಾವುದೆಂದು ಗೊತ್ತಿಲ್ಲ, ಅದಕ್ಕೇ ಅದು ಕಲಿಯಲು ಬಂದಿರುವುದು. ಯಂತ್ರ ತಪ್ಪೆಂದರೆ ಮಗು ತನ್ನನ್ನೇ ತಿದ್ದಿಕೊಳ್ಳುತ್ತದೆ. ದೂರು ಬರುವುದಿಲ್ಲ. ಬಗ್ ರಿಪೋರ್ಟ್ ಹಾಕಬೇಕಾದವನು "ಎಂಕ್ ಬರ್ಪುಜಿ" ಎಂದು ಎದ್ದುಹೋಗಿರುತ್ತಾನೆ.

"ಎಂತಕ್ಕೆ" ಎಂದು ಕೇಳಿದೆಯಲ್ಲ, ನನ್ನ ಉತ್ತರ ಇದು. ಯಾರೂ ಬೈಯದಿದ್ದರೂ ಮತ್ತೊಮ್ಮೆ ನೋಡುವ ಚಾಳಿ ಇರುವವರು ಈ ಕೆಲಸಕ್ಕೆ ಬೇಕು. ನಿನಗೆ ಅದು ಉಂಟು. ಸುರತ್ಕಲ್ ಹಾಸ್ಟೆಲಿನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ನನಗೆ ಗಣಿತದ ಲಾಪ್ಲಾಸ್ ಹೇಳಿಕೊಟ್ಟು, "ಅರ್ಥ ಆಯ್ತಾ" ಎಂದು ಕೇಳದೆ, "ಈಗ ನೀನು ನನಗೆ ಹೇಳಿಕೊಡು" ಎಂದವನು ನೀನು. ನಾನು ಪಾಸಾದದ್ದು ಹಾಗೆ.

ಕೆಲಸ ಸಪ್ಪೆಯಾಗಿರಬಹುದು ಎಂಬ ಅನುಮಾನ ನಿನಗಿದ್ದರೆ ಬಿಟ್ಟುಬಿಡು. ಒಂದೇ ಉದಾಹರಣೆ ಕೊಡುತ್ತೇನೆ. ಮಗು ಹತ್ತು ನಿಮಿಷ ಆ್ಯಪ್ ನೋಡಿ ಮುಚ್ಚಿತು. ಇದು ಒಳ್ಳೆಯದಾ, ಕೆಟ್ಟದ್ದಾ? ಪೇಮೆಂಟಿನಲ್ಲಿ ಬೇಗ ಮುಗಿದಷ್ಟೂ ಒಳ್ಳೆಯದು. ವಿಡಿಯೋ ಕಂಪನಿಯವರಿಗೆ ಹೆಚ್ಚು ಹೊತ್ತು ಕೂತಷ್ಟೂ ಲಾಭ. ನಮ್ಮಲ್ಲಿ, ಪಾಠ ತಲೆಗೆ ಹೋದ್ದರಿಂದ ಮುಚ್ಚಿತೋ, ಸಾಕಾಗಿ ಮುಚ್ಚಿತೋ, ಅಣ್ಣ ಬಂದು ಫೋನ್ ಎಳೆದುಕೊಂಡನೋ, ಲಾಗ್‌ನಲ್ಲಿ ಮೂರೂ ಒಂದೇ ಸಾಲು. ನಕ್ಷತ್ರ ಗಿಟ್ಟಿಸಲು ನಾಲ್ಕೂ ಆಯ್ಕೆಗಳನ್ನು ಸಾಲಾಗಿ ಒತ್ತುತ್ತಾ ಹೋಗುವ ಮಕ್ಕಳಿದ್ದಾರೆ, ಅವರ ಗ್ರಾಫ್ ಬಹಳ ಚೆಂದ ಕಾಣುತ್ತದೆ. ಜುಲೈಯಲ್ಲಿ ಒಂದು ದಿನ ಬಳಕೆಯ ಗ್ರಾಫ್ ಸೊನ್ನೆಗೆ ಬಿತ್ತು. ಬೆಂಗಳೂರಿನ ಹೊಸ ಹುಡುಗ ಸರ್ವರ್ ಬಿದ್ದಿದೆ ಎಂದು ಗಾಬರಿಯಾಗಿ ಫೋನ್ ಮಾಡಿದ. ಎಂತದೂ ಬಿದ್ದಿರಲಿಲ್ಲ, ಮಳೆಗೆ ಡಿಸಿ ರಜೆ ಕೊಟ್ಟಿದ್ದರು. ಎರಡು ವಾರದಲ್ಲಿ ಪ್ರಯೋಗ ಮಾಡಿ ಫಲಿತಾಂಶ ನೋಡುವುದೂ ಇಲ್ಲಿ ಆಗುವುದಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಸಾಮಾನು ತಯಾರಿಲ್ಲದಿದ್ದರೆ ಮುಂದಿನ ವರ್ಷವೇ ಗತಿ.

ಕಂಪ್ಯೂಟರಿನಲ್ಲಿ ಪಾಠ ಮಾಡುವುದೆಲ್ಲ ಲಾಕ್‌ಡೌನಿನಲ್ಲಿ ಹುಟ್ಟಿದ್ದೆಂದು ನಾನೂ ನಂಬಿದ್ದೆ. ಹಾಗಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲೇ ಪ್ಲೇಟೋ ಎಂಬ ಪಾಠದ ಕಂಪ್ಯೂಟರ್ ಶುರುವಾಗಿತ್ತು. 1972ರ ಹೊತ್ತಿಗೆ ಅದರ ಪರದೆಯನ್ನು ಬೆರಳಿನಿಂದ ಮುಟ್ಟಿ ಉತ್ತರ ಕೊಡಬಹುದಿತ್ತು. ಆಮೇಲೆ 1984ರಲ್ಲಿ ಬೆಂಜಮಿನ್ ಬ್ಲೂಮ್ ಎಂಬ ಶಿಕ್ಷಣತಜ್ಞ, ಒಬ್ಬರಿಗೆ ಒಬ್ಬರು ಕೂತು ಕಲಿಸಿದರೆ ಸಾಮಾನ್ಯ ಮಗುವೂ ತರಗತಿಯ ಮೇಲಿನ ಸಾಲಿಗೆ ಬರುತ್ತದೆ, ಅದನ್ನು ಎಲ್ಲರಿಗೂ ಕೊಡುವುದು ಹೇಗೆ ಎಂದು ಕೇಳಿದ. ಲಾಭ ಅವನು ಹೇಳಿದಷ್ಟು ದೊಡ್ಡದಲ್ಲ ಎಂದು ನಂತರದ ಅಧ್ಯಯನಗಳು ಹೇಳಿದವು. ಆದರೂ ನಮ್ಮ ಕ್ಷೇತ್ರದ ಪ್ರತಿ ಜಾಹೀರಾತಿನ ಹಿಂದೆ ಆ ಪ್ರಶ್ನೆಯೇ ಕೂತಿದೆ.

ನನಗೆ ಪಾಠ ಕಲಿಸಿದ್ದು ಮಾತ್ರ ಬೇರೆ. ಅದೇ ಶಾಲೆಯಲ್ಲಿ, ಪಕ್ಕದ ಕೋಣೆಯಲ್ಲಿ ನಲಿ-ಕಲಿ ನಡೆಯುತ್ತಿತ್ತು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೆ. ಗೋಡೆಯ ಮೇಲೆ ಕಲಿಕಾ ಏಣಿ, ಏಣಿಯ ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಕಾರ್ಡಿನ ಮೇಲೊಂದು ಚಿತ್ರ. ಮಗು ಬಂದು ತಾನು ಎಲ್ಲಿದ್ದೇನೆಂದು ಏಣಿಯಲ್ಲಿ ನೋಡಿ, ಕಾರ್ಡು ತೆಗೆದು, ತನ್ನ ತಟ್ಟೆಯಲ್ಲಿ ಹೋಗಿ ಕೂರುತ್ತದೆ. ತಟ್ಟೆ ಎಂದರೆ ಗುಂಪು, ಒಟ್ಟು ಐದು. ಒಂದರಲ್ಲಿ ಟೀಚರ್ ಪೂರ್ತಿ ಸಹಾಯ ಮಾಡುತ್ತಾರೆ, ಇನ್ನೊಂದರಲ್ಲಿ ಸ್ವಲ್ಪ, ಮತ್ತೆ ಜೊತೆಯ ಮಕ್ಕಳು, ಕೊನೆಯದರಲ್ಲಿ ತಾನೇ. ಎರಡು ದಿನ ಜ್ವರ ಬಂದು ಮಲಗಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ನಾವು ಆರು ಜನ ಎರಡು ವರ್ಷ ಬಡಿದಾಡಿದ್ದು ಇದಕ್ಕೇ. ಇಲ್ಲಿ ರಟ್ಟಿನ ಕಾರ್ಡಿನಲ್ಲಿ, ಕರೆಂಟಿಲ್ಲದೆ ನಡೆಯುತ್ತಿದೆ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿ ಬಂದ ನಮ್ಮ ಸರಕಾರಿ ಮೇಷ್ಟ್ರುಗಳು 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುಮಾಡಿದ್ದಂತೆ. ನನ್ನ ವಿನ್ಯಾಸದ ಫೈಲನ್ನು ಆ ವಾರ ಮತ್ತೆ ತೆರೆದು ಅರ್ಧ ಅಳಿಸಿದೆ. ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ನಾನು ಆಗ ನೋಡಿದ್ದು: ಅಲ್ಲಿ ಕಾರ್ಡು ತಪ್ಪಿದ್ದರೆ ಟೀಚರ್ ಪೆನ್ನು ತೆಗೆದು ತಿದ್ದಬಹುದು. ನಮ್ಮ ಆ್ಯಪ್‌ನಲ್ಲಿ ತಿದ್ದಲು ಅವರಿಗೆ ನಾವು ಒಂದು ಬಟನ್ನೂ ಕೊಟ್ಟಿರಲಿಲ್ಲ. ಈಗ ಕೊಟ್ಟಿದ್ದೇವೆ: "ಮಗುವಿನ ಉತ್ತರ ಸರಿ ಇದೆ." ಮೊದಲ ತಿಂಗಳಿನಲ್ಲೇ ನಮಗೆ ಕಾಣದ ನಲವತ್ತು ತಪ್ಪು ಅದರಿಂದ ಸಿಕ್ಕಿತು. 'ಕೋರಿ' ಎಂದು ಬರೆದರೆ ಈಗ ಕೆಂಪು ಬರುವುದಿಲ್ಲ, "ಹೌದು, ತುಳುವಿನಲ್ಲಿ ಕೋರಿ. ಕನ್ನಡದಲ್ಲಿ?" ಎಂದು ಕೇಳುತ್ತದೆ. ಆ ಸಾಲು ಬರೆದುಕೊಟ್ಟದ್ದೂ ಟೀಚರೇ.

ನಮ್ಮ ಊರಿನಲ್ಲಿ ಮಗು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಯಾವುದೋ ಒಂದು ಆಡಿ, ಶಾಲೆಗೆ ಬಂದು ಕನ್ನಡ ಕಲಿತು, ಹಿಂದೆಯೇ ಇಂಗ್ಲಿಷ್ ಹಿಡಿಯುತ್ತದೆ. ತುಳು-ತಿಗಳಾರಿ ಲಿಪಿ ಯೂನಿಕೋಡಿಗೆ ಬಂದದ್ದೇ 2024ರಲ್ಲಿ. ಹೊರಗಿನವರು ಯಾರೋ ಬಂದು ಇದನ್ನೆಲ್ಲ ಸರಿಮಾಡುತ್ತಾರೆಂದು ಕಾಯುವುದರಲ್ಲಿ ಅರ್ಥ ಇಲ್ಲ. ಕನ್ನಡದ ಕೀಬೋರ್ಡನ್ನೂ ಹಾಗೆ ಯಾರೋ ಮಾಡಿಕೊಡಲಿಲ್ಲ. ಇಲ್ಲೇ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ. ಪಿ. ರಾವ್ ಮಾಡಿದರು. ನೀನು ಇವತ್ತಿಗೂ 'ನುಡಿ' ತಂತ್ರಾಂಶದಲ್ಲಿ ಬೆರಳಾಡಿಸುವ ವಿನ್ಯಾಸದ ಬೇರು ಅವರದ್ದು. ತಾನು ಬರೆದ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು', ಹಂಚಿದ್ದು ಪುಕ್ಕಟೆ.

ಈಗ ದುಡ್ಡಿನ ವಿಷಯ. ನನ್ನ ಸಂಬಳ ಮೂರರಲ್ಲೊಂದು ಪಾಲು ಕಡಿಮೆಯಾಯಿತು. ಬೆಂಗಳೂರಿನ ಬಾಡಿಗೆ ಉಳಿಯಿತಲ್ಲ ಎಂದು ಅಮ್ಮನಿಗೆ ಸಮಾಧಾನ ಹೇಳಿದೆ. "ಹಾಗಾದರೆ ಕಾರು ಯಾವಾಗ?" ಎಂದರು. ನೀನು ಗೃಹಸಾಲ ಇಟ್ಟುಕೊಂಡವನು, ಎರಡು ಸಲ ಲೆಕ್ಕ ಹಾಕು. ಬೈಜೂಸ್ ಕತೆ ಎತ್ತಿದೆಯಲ್ಲ: 2022ರಲ್ಲಿ 22 ಬಿಲಿಯನ್ ಡಾಲರ್ ಬೆಲೆ ಕಟ್ಟಿದ್ದ ಆ ಪಾಠದ ಆ್ಯಪ್ ಕಂಪನಿ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು, ನಿಜ. ಅದರಿಂದ ಕ್ಷೇತ್ರವೇ ಮುಗಿಯಿತು ಎಂದು ನಾನು ಒಪ್ಪುವುದಿಲ್ಲ, ಆದರೆ ಬೇಗ ದುಡ್ಡಾಗುತ್ತದೆಂದು ಬರುತ್ತಿದ್ದವರ ಸಾಲು ಸಣ್ಣದಾಯಿತು. ಅದರಲ್ಲಿ ನನಗೆ ಬೇಸರವೇನಿಲ್ಲ.

ಇಂಟರ್‌ವ್ಯೂಗೆ ಹೋದರೆ ಅವರು ಕೇಳುವ ಮೊದಲು ನೀನೇ ಕೇಳು. ಮಾರಾಟಕ್ಕೆ ಎಷ್ಟು ಜನ, ಪಾಠ ಬರೆಯಲು ಎಷ್ಟು ಜನ? ಇಂಜಿನಿಯರುಗಳು ಕೊನೆಯ ಸಲ ಶಾಲೆಗೆ ಹೋದದ್ದು ಯಾವಾಗ? ನೆಟ್‌ವರ್ಕ್ ಇಲ್ಲದಾಗ ಆ್ಯಪ್ ಏನು ಮಾಡುತ್ತದೆ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಎದ್ದು ಬಾ. 2021ರಲ್ಲಿ ಸುಳ್ಯದ ಕಡೆ ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಸುರಿಯುವ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ಎಲ್ಲರೂ ನೋಡಿದ್ದೇವೆ. "ಎಂಥ ಅಪ್ಪ" ಎಂದು ಎಲ್ಲರೂ ಹೊಗಳಿದರು. ಆ ಪಾಠವನ್ನು ಮನೆಯಲ್ಲೇ ನೋಡುವ ಹಾಗೆ ಮೊದಲೇ ಇಳಿಸಿಕೊಡುವ ಸಾಫ್ಟ್‌ವೇರ್ ಯಾಕಿರಲಿಲ್ಲ ಎಂದು ನಮ್ಮಂಥವರಾದರೂ ಕೇಳಬೇಕಿತ್ತು.

ರಾಜೀನಾಮೆ ಈಗಲೇ ಬರೆಯಬೇಡ. ಕೇಂದ್ರ ಸರಕಾರದ ದೀಕ್ಷಾ ಎಂಬ ಪಾಠದ ವೇದಿಕೆ ಇರುವುದು ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ, ಅದರ ಕೋಡ್ ಯಾರು ಬೇಕಾದರೂ ಓದಬಹುದು. 2002ರಿಂದ ಇರುವ ಮೂಡಲ್ ಎಂಬ ಪಾಠದ ತಂತ್ರಾಂಶ ಕೂಡ ಹಾಗೆಯೇ. ಎರಡು ಭಾನುವಾರ ಕೂತು ಓದು, ಒಂದು ಸಣ್ಣ ಬಗ್ ತಿದ್ದಿ ಕಳಿಸು. ಅಷ್ಟರಲ್ಲೇ ನಿದ್ದೆ ಬಂದರೆ ಪೇಮೆಂಟೇ ನಿನಗೆ ಒಳ್ಳೆಯದು.

ಮತ್ತೆ, ಚೌತಿಗೆ ಊರಿಗೆ ಬರುತ್ತೀಯಲ್ಲ, ಒಂದು ದಿನ ಹೆಚ್ಚಿಗೆ ರಜೆ ಹಾಕು. ಬೆಳಗ್ಗೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬಸ್ಸು ಹಿಡಿದು ಆ ಶಾಲೆಗೆ ಹೋಗುವ. ಹುಡುಗ ಈಗ ಆರನೇ ಕ್ಲಾಸು. ಬಗ್ ಸರಿಯಾಗಿ ತಿಂಗಳುಗಟ್ಟಲೆ ಆಯಿತು, ಆದರೂ ಉತ್ತರ ಬರೆದ ಮೇಲೆ ಬಟನ್ ಒತ್ತುವ ಮೊದಲು ಒಮ್ಮೆ ಟೀಚರ ಮುಖ ನೋಡುತ್ತಾನೆ. ಲ್ಯಾಪ್‌ಟಾಪ್ ತರಬೇಡ, ಅಲ್ಲಿ ಪ್ಲಗ್ ಪಾಯಿಂಟ್ ಒಂದೇ ಇರುವುದು, ಅದು ಟ್ಯಾಬ್‌ಗಳಿಗೆ ಬೇಕು. ಕೊಡೆ ಮಾತ್ರ ಮರೆಯಬೇಡ.

ಅಮ್ಮ ಪತ್ರೊಡೆಗೆ ಕೆಸುವಿನ ಎಲೆ ಕೊಯ್ದಿಟ್ಟಿದ್ದಾರೆ, ಕರೆಯುತ್ತಿದ್ದಾರೆ. ಉಳಿದದ್ದು ಬಂದಾಗ ಮಾತಾಡುವ.

ನಿನ್ನವ