ಹತ್ತರಲ್ಲಿ ಒಂದು ಪಾಲಿನ ಕರಾರು

ಆತ್ಮೀಯ ಕನ್ನಡ ಬಂಧುಗಳೇ,

ಅಮೆರಿಕದ ಸಣ್ಣ ಊರುಗಳ ಮುಖ್ಯ ಬೀದಿಯಲ್ಲಿ ಇಟ್ಟಿಗೆಯದೋ ಕಲ್ಲಿನದೋ ಒಂದು ಹಳೆಯ ಕಟ್ಟಡ ಆಗಾಗ ಕಣ್ಣಿಗೆ ಬೀಳುತ್ತದೆ. ಎಂಟು-ಹತ್ತು ಮೆಟ್ಟಿಲು, ನಟ್ಟನಡುವೆ ಬಾಗಿಲು, ಅಕ್ಕಪಕ್ಕ ಕಂಬ, ಮೇಲೆ ಕಲ್ಲಿನಲ್ಲಿ ಕೊರೆದ ‘ಪಬ್ಲಿಕ್ ಲೈಬ್ರರಿ’ ಎಂಬ ಅಕ್ಷರ. ಅದು ಕಾರ್ನೆಗಿ ಲೈಬ್ರರಿ ಆಗಿರುವ ಸಂಭವವೇ ಹೆಚ್ಚು. 1883ರಿಂದ 1929ರ ನಡುವೆ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿಯವರ ಹಣದಿಂದ ಜಗತ್ತಿನಲ್ಲಿ 2,509 ಗ್ರಂಥಾಲಯಗಳು ಎದ್ದವು. ಅವುಗಳಲ್ಲಿ ಸುಮಾರು 1,680 ಈ ದೇಶದಲ್ಲೇ ಇದ್ದವು. ಸಣ್ಣ ಊರುಗಳಿಗೆ ಕೊಟ್ಟ ಆ ಹಣ ಕಟ್ಟಡಕ್ಕೆ ಮಾತ್ರ. ಪುಸ್ತಕ ಕೊಳ್ಳಲು ಅಲ್ಲ. ಸ್ಥಳೀಯ ಗ್ರಂಥಾಲಯಕ್ಕೆ ಕನ್ನಡ ಪುಸ್ತಕ ಕೊಡಬೇಕೆಂಬ ಆಸೆ ನಮ್ಮಲ್ಲಿ ಅನೇಕರಿಗಿದೆ. ಅವರು ಈ ಸಂಗತಿಯನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಕಾರ್ನೆಗಿ ಮನೆತನ 1848ರಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಬಿಟ್ಟು ಪೆನ್ಸಿಲ್ವೇನಿಯಾಕ್ಕೆ ಬಂತು. ತಂದೆ ಕೈಮಗ್ಗದ ನೇಕಾರ. ಮಗನಿಗೆ ಹತ್ತಿ ಗಿರಣಿಯಲ್ಲಿ ನೂಲಿನ ಉರುಳೆ ಬದಲಿಸುವ ಕೆಲಸ, ವಾರಕ್ಕೆ 1 ಡಾಲರ್ 20 ಸೆಂಟ್ ಕೂಲಿ. ಅವರು ನೆಲೆಸಿದ ಊರಿನ ಕರ್ನಲ್ ಜೇಮ್ಸ್ ಆಂಡರ್ಸನ್ ತಮ್ಮ ಸ್ವಂತ ಸಂಗ್ರಹದ ಸುಮಾರು 400 ಪುಸ್ತಕಗಳನ್ನು ದುಡಿಯುವ ಹುಡುಗರಿಗೆ ಶನಿವಾರಗಳಂದು ಓದಲು ಕೊಡುತ್ತಿದ್ದರು. ಆ ಋಣವನ್ನು ಕಾರ್ನೆಗಿ ಮರೆಯಲಿಲ್ಲ. 1901ರಲ್ಲಿ ಉಕ್ಕಿನ ಕಂಪನಿ 48 ಕೋಟಿ ಡಾಲರಿಗೆ ಮಾರಾಟವಾದ ಮೇಲೆ ದಾನ ಹೊಳೆಯಾಗಿ ಹರಿಯಿತು.

ಅದನ್ನು ನಡೆಸಿದ ಕೈ ಅವರ ಕಾರ್ಯದರ್ಶಿ ಜೇಮ್ಸ್ ಬರ್ಟ್ರಮ್ ಅವರದು. ಊರಿನ ಮಹಿಳಾ ಕ್ಲಬ್ಬಿನಿಂದಲೋ ಮೇಯರರಿಂದಲೋ ಒಂದು ಪತ್ರ ಬಂದರೆ ಅವರು ಅಚ್ಚು ಹಾಕಿಸಿದ ಪ್ರಶ್ನಾವಳಿ ಕಳಿಸುತ್ತಿದ್ದರು: ಜನಸಂಖ್ಯೆ ಎಷ್ಟು? ಈಗ ಗ್ರಂಥಾಲಯ ಇದೆಯೇ, ಪುಸ್ತಕ ಎಷ್ಟು? ನಿವೇಶನ ಇದೆಯೇ? ವರ್ಷಕ್ಕೆ ಎಷ್ಟು ತೆರಿಗೆ ಎತ್ತಲು ಪುರಸಭೆ ಒಪ್ಪುತ್ತದೆ? ಊರು ಭರದಿಂದ ಬೆಳೆಯುತ್ತಿದೆ ಎಂದು ಜನಸಂಖ್ಯೆಯನ್ನು ಹಿಗ್ಗಿಸಿ ಬರೆದವರುಂಟು. ಆದರೆ ಬರ್ಟ್ರಮ್ ಜನಗಣತಿಯ ಅಂಕಿಯನ್ನೇ ಹಿಡಿಯುತ್ತಿದ್ದರು. ತಲೆಗೆ ಹೆಚ್ಚುಕಡಿಮೆ 2 ಡಾಲರ್ ಲೆಕ್ಕ. 5,000 ಜನರ ಊರಿಗೆ 10,000 ಡಾಲರ್.

ಅದಕ್ಕೆ ಎರಡು ಕರಾರು. ನಿವೇಶನ ಊರಿನದೇ ಆಗಬೇಕು. ಮತ್ತು ದಾನದ ಹತ್ತರಲ್ಲಿ ಒಂದು ಪಾಲನ್ನು, ಅಂದರೆ 10,000ಕ್ಕೆ 1,000 ಡಾಲರನ್ನು, ಪ್ರತಿ ವರ್ಷ ಊರಿನ ತೆರಿಗೆಯಿಂದ ಕೊಡುವುದಾಗಿ ಪುರಸಭೆ ನಿರ್ಣಯ ಮಾಡಬೇಕು. ಗ್ರಂಥಪಾಲಕಿಯ ಸಂಬಳ, ಚಳಿಗಾಲದ ಕಲ್ಲಿದ್ದಲು, ದೀಪ, ರಿಪೇರಿ, ಹೊಸ ಪುಸ್ತಕ, ಎಲ್ಲವೂ ಅದರಲ್ಲೇ. ಇಷ್ಟೂ ದಾನದಲ್ಲಿ ನಿಜವಾದ ಬುದ್ಧಿವಂತಿಕೆ ಇರುವುದು ಇಲ್ಲೇ ಎಂದು ನಾವು ಎಣಿಸುತ್ತೇವೆ. ಗ್ರಂಥಾಲಯಕ್ಕೂ ನೀರು, ರಸ್ತೆಗಳಂತೆ ತೆರಿಗೆ ಕೊಡಬೇಕು ಎಂಬ ಅಭ್ಯಾಸ ಸಾವಿರಾರು ಊರುಗಳಿಗೆ ಹತ್ತಿದ್ದು ಹೀಗೆ. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವಲ್ಲ, ಅದರ ಹಿಂದಿರುವುದೂ ಇದೇ ವಿಚಾರ.

ಕಟ್ಟಡಗಳಲ್ಲಿ ಮೊದಮೊದಲು ಎಡವಟ್ಟುಗಳಾದವು. ವಾಸ್ತುಶಿಲ್ಪಿಗಳು ಗುಮ್ಮಟ, ಕಂಬ, ಅಗ್ಗಿಷ್ಟಿಕೆ ಎಂದು ಹಣ ಸುರಿದರು. ಕಪಾಟಿಗೆ ಜಾಗ ಸಾಲದಾಯಿತು. 1911ರಲ್ಲಿ ಬರ್ಟ್ರಮ್ ಆರು ಮಾದರಿ ನಕ್ಷೆಗಳಿದ್ದ ಒಂದು ಕಿರುಹೊತ್ತಗೆ ಹೊರಡಿಸಿದರು. ಅದರ ಹೆಸರಿನಲ್ಲಿದ್ದ ‘ಬಿಲ್ಡಿಂಗ್’ ಪದದಲ್ಲಿ ‘ಯು’ ಅಕ್ಷರವೇ ಇಲ್ಲ, ಏಕೆಂದರೆ ಇಂಗ್ಲಿಷ್ ಕಾಗುಣಿತ ಸರಳವಾಗಬೇಕು ಎಂಬುದು ಕಾರ್ನೆಗಿಯವರ ಇನ್ನೊಂದು ಹಟ. ಸಲಹೆಗಳು ಮಾತ್ರ ಅಚ್ಚುಕಟ್ಟು: ಒಂದೇ ಅಂತಸ್ತು, ನೆಲಮಾಳಿಗೆ ನೆಲಕ್ಕಿಂತ ನಾಲ್ಕು ಅಡಿ ಮಾತ್ರ ಕೆಳಗೆ, ಅಲ್ಲಿ ಉಪನ್ಯಾಸದ ಕೋಣೆ, ಮೇಲೆ ದೊಡ್ಡದೊಂದು ಹಾಲ್. ಹಿಂಬದಿ, ಪಕ್ಕದ ಕಿಟಕಿಗಳು ನೆಲದಿಂದ ಸುಮಾರು ಆರು ಅಡಿ ಎತ್ತರದಲ್ಲಿ. ಇಂದಿಗೂ ಮಾರ್ಪಾಡಾಗದ ಕಟ್ಟಡದೊಳಗೆ ನಿಂತರೆ ಇದು ಕಾಣುತ್ತದೆ: ಕಿಟಕಿ ತಲೆಯ ಮೇಲೆ ಶುರುವಾಗುತ್ತದೆ, ಅದರ ಕೆಳಗೆ ಗೋಡೆಯುದ್ದಕ್ಕೂ ಕಪಾಟು. ಮೇಜು ಬಾಗಿಲಿಗೆ ಎದುರಾಗಿ, ನಡುವೆ. ಅಲ್ಲಿ ಕೂತ ಒಬ್ಬರೇ ದೊಡ್ಡವರ ಬದಿಯನ್ನೂ ಮಕ್ಕಳ ಬದಿಯನ್ನೂ ನೋಡಿಕೊಳ್ಳಬಹುದು. ಹಾಗಾಗಿಯೇ ಚೀಟಿ ಬರೆದುಕೊಟ್ಟು ಕಾಯುವ ಪದ್ಧತಿ ಹೋಗಿ, ಓದುಗರೇ ಕಪಾಟಿಗೆ ಕೈ ಹಾಕುವುದು ಸಾಧ್ಯವಾಯಿತು.

ಮೆಟ್ಟಿಲುಗಳ ಕಥೆ ಬೇರೆ. ಜ್ಞಾನಕ್ಕೆ ಏರಿ ಹೋಗಬೇಕೆಂಬ ಭಾವದಿಂದ ಕಟ್ಟಿದ ಅವೇ ಗಾಲಿಕುರ್ಚಿಯವರಿಗೆ ಅಡ್ಡಿಯಾದವು. 1990ರ ಅಂಗವಿಕಲರ ಹಕ್ಕಿನ ಕಾಯ್ದೆಯ ನಂತರ ಎಷ್ಟೋ ಊರುಗಳು ಹಿಂಬದಿಯಲ್ಲಿ ಹೊಸ ಭಾಗ ಕಟ್ಟಿ ಲಿಫ್ಟ್ ಹಾಕಿಸಿದವು. ನೆಲಮಾಳಿಗೆಯ ತೇವ, ಬೂಷ್ಟು ಇನ್ನೊಂದು ಕಾಟ.

ದಾನವನ್ನು ಎಲ್ಲರೂ ಹೊಗಳಲಿಲ್ಲ. 1892ರಲ್ಲಿ ಹೋಮ್‌ಸ್ಟೆಡ್‌ನ ಕಾರ್ನೆಗಿ ಕಾರ್ಖಾನೆಯ ಮುಷ್ಕರದಲ್ಲಿ ರಕ್ತ ಹರಿದಿತ್ತು. ಹನ್ನೆರಡು ಗಂಟೆ ದುಡಿದು ಬಂದವನು ಓದುವುದು ಯಾವಾಗ ಎಂದು ಕಾರ್ಮಿಕರು ಕೇಳಿದ್ದು ನ್ಯಾಯವೇ ಆಗಿತ್ತು. ದಕ್ಷಿಣದಲ್ಲಿ ಕಪ್ಪು ಜನರಿಗೆ ಬಹುತೇಕ ಕಡೆ ಒಳಗೆ ಪ್ರವೇಶವೇ ಇರಲಿಲ್ಲ. ಕೆಂಟಕಿಯ ಲೂಯಿವಿಲ್‌ನಲ್ಲಿ ಕಪ್ಪು ಸಿಬ್ಬಂದಿಯೇ ನಡೆಸುತ್ತಿದ್ದ ಶಾಖೆಗೆ 1908ರಲ್ಲಿ ಕಾರ್ನೆಗಿ ಹಣದ ಕಟ್ಟಡ ಸಿಕ್ಕಿತು.

ಇನ್ನು ಮಾತು ಕೊಟ್ಟು ತಪ್ಪಿದ ಊರುಗಳು. ಕಾರ್ನೆಗಿಯವರ ದತ್ತಿ ಸಂಸ್ಥೆಯಾದ ಕಾರ್ನೆಗಿ ಕಾರ್ಪೊರೇಷನ್ ಪರವಾಗಿ ಆಲ್ವಿನ್ ಜಾನ್ಸನ್ ಸುಮಾರು ನೂರು ಗ್ರಂಥಾಲಯಗಳನ್ನು ಸುತ್ತಿ ನೋಡಿದಾಗ ಕಟ್ಟಡ ಚೆಂದವಿದ್ದರೂ ಪುಸ್ತಕ ಸಾಲದ, ತರಬೇತಾದ ಗ್ರಂಥಪಾಲಕರಿಲ್ಲದ ಜಾಗಗಳು ಕಂಡವು. 1917ರಲ್ಲಿ, ಯುದ್ಧದ ನಡುವೆ, ಹೊಸ ಅರ್ಜಿಗಳನ್ನು ತೆಗೆದುಕೊಳ್ಳುವುದು ನಿಂತಿತು.

ಈಗ ಕನ್ನಡ ಕಪಾಟಿಗೆ ಬರೋಣ. ಪೆಟ್ಟಿಗೆಗಟ್ಟಲೆ ಪುಸ್ತಕ ಒಯ್ದು ಮೇಜಿನ ಮೇಲಿಟ್ಟರೆ ಅವು ಹೆಚ್ಚಾಗಿ ಗ್ರಂಥಾಲಯದ ಹಳೆ ಪುಸ್ತಕ ಮಾರಾಟಕ್ಕೆ ಹೋಗುತ್ತವೆ. ತಾತ್ಸಾರದಿಂದಲ್ಲ; ಭಾಷೆ ಬಾರದವರು ಅವನ್ನು ಸೂಚಿಯಲ್ಲಿ ದಾಖಲಿಸುವುದಾದರೂ ಹೇಗೆ? ಹಳೆಯ ಕನ್ನಡ ಪುಸ್ತಕಗಳಲ್ಲಿ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಇರುವುದೂ ಅಪರೂಪ. ಮೊದಲು ಪುಸ್ತಕ ಆಯ್ಕೆಯ ಹೊಣೆ ಹೊತ್ತ ಗ್ರಂಥಪಾಲಕರನ್ನು ಕಂಡು, ಪ್ರತಿ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ವರ್ಷ, ಪುಟಗಳನ್ನು ಕನ್ನಡ, ರೋಮನ್ ಎರಡೂ ಲಿಪಿಗಳಲ್ಲಿ ಬರೆದು, ಎರಡು ಸಾಲು ಇಂಗ್ಲಿಷ್ ಸಾರಾಂಶ ಸೇರಿಸಿ ಕೊಡಿ.

ಲಿಪ್ಯಂತರದಲ್ಲೇ ಓದುಗರು ದಾರಿ ತಪ್ಪುವುದು. ಅಮೆರಿಕದ ಸೂಚಿಗಳ ನಿಯಮದಲ್ಲಿ ‘ಶ’ ಅಂದರೆ ಮೇಲೊಂದು ಗೀಟಿರುವ ‘ಎಸ್’. ‘ಎಸ್ ಎಚ್’ ಅಲ್ಲ. ‘ಶಿವ’ ಎಂದು ಶುರುವಾಗುವ ಹೆಸರನ್ನು ನಾವು ವಾಡಿಕೆಯಂತೆ ಎಚ್ ಹಾಕಿ ಹುಡುಕಿದರೆ, ಪುಸ್ತಕ ಕಪಾಟಿನಲ್ಲೇ ಇದ್ದರೂ ಸಿಗದೆ ಹೋಗಬಹುದು. ಎಚ್ ಬಿಟ್ಟು ಹುಡುಕಿ ನೋಡಿ. ಎರವಲು ಹೋಗದೆ ಕೆಲವು ವರ್ಷ ಕೂತ ಪುಸ್ತಕವನ್ನು ತೆಗೆದುಹಾಕುವುದು ಎಲ್ಲೆಡೆಯ ರೂಢಿ, ಆದ್ದರಿಂದ ಮಕ್ಕಳ ಚಿತ್ರಪುಸ್ತಕಗಳಿಂದ ಆರಂಭಿಸಿ, ಮನೆಗೆ ಒಯ್ಯುತ್ತಿರಿ.

ಹಣ ಕೊಡುವುದಾದರೆ ಗ್ರಂಥಾಲಯಕ್ಕೆ ನೆರವಾಗುವ ‘ಫ್ರೆಂಡ್ಸ್ ಆಫ್ ದ ಲೈಬ್ರರಿ’ ಬಳಗದ ಮೂಲಕ, ಕನ್ನಡ ಪುಸ್ತಕಕ್ಕೆಂದು ಬರಹದಲ್ಲಿ ನಮೂದಿಸಿ ಕೊಡಿ. ಅಳತೆಗೆ ಕಾರ್ನೆಗಿಯವರದ್ದೇ ಸಾಕು: ಮೊದಲ ವರ್ಷ 2,000 ಡಾಲರ್ ಕೂಡಿಸಿದರೆ ಮುಂದೆ ಪ್ರತಿ ವರ್ಷ 200. ಮತದಾನದ ಹಕ್ಕಿರುವವರು ಇನ್ನೊಂದು ಗಮನಿಸಿ. ಅನೇಕ ಊರುಗಳಲ್ಲಿ ಗ್ರಂಥಾಲಯದ ತೆರಿಗೆ ಜನರ ಮತಕ್ಕೆ ಬರುತ್ತದೆ. ಅಂಥ ಸ್ಥಳೀಯ ಪ್ರಸ್ತಾವಗಳು ಸಾಮಾನ್ಯವಾಗಿ ಮತಪತ್ರದ ಕೊನೆಯಲ್ಲಿರುತ್ತವೆ. ಅಲ್ಲಿಯವರೆಗೂ ಓದಿ ಗುರುತು ಹಾಕಿ.

— ಸಂಪಾದಕ ಮಂಡಳಿ