ಸೀನನಿಗೊಂದು ಪತ್ರ: ಸನ್ಯಾಸಿಯ ಚಹಾ, ಅಮ್ಮನ ಕಷಾಯ

ಲೋ ಸೀನ,

ವಾಟ್ಸಾಪಿನಲ್ಲಿ ಕಳಿಸಿದರೆ ಒಂದು ಹೆಬ್ಬೆರಳು ತೋರಿಸಿ ಮುಗಿಸಿಬಿಡುತ್ತೀಯ. ಅದಕ್ಕೇ ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿರುವಾಗ ತಪ್ಪಿಸಿಕೊಳ್ಳೋದು ಕಷ್ಟ, ಅಲ್ವಾ? ನೀನೇ ಕಲಿಸಿದ ಪಾಠ.

ಇಲ್ಲಿ ಜ್ಯೂರಿಕ್‌ನಲ್ಲಿ ಒಂದು ಬಿಳಿ ಚಹಾ ಕೊಂಡೆ. ಡಬ್ಬಿಯ ಮೇಲೆ ಮುಸುಕು ಹಾಕಿದ ಕ್ರೈಸ್ತ ಸನ್ಯಾಸಿಯ ಚಿತ್ರ. ಎಲೆಯ ಜೊತೆ ಸೇಜ್ ಸೊಪ್ಪು, ಗುಲಾಬಿ ಎಸಳು, ಬಡೇಸೋಂಪು ಬೆರೆಸಿದ್ದಾರೆ. ಹಳೇ ಮಠದ ತೋಟವೇ ಇದಕ್ಕೆ ಪ್ರೇರಣೆಯಂತೆ. ಬಿಳಿ ಚಹಾ ಅಂದರೆ ಹಾಲು ಹಾಕಿದ್ದು ಅಂದ್ಕೋಬೇಡ. ಮೂಲದಲ್ಲಿ ಇದು ಚೀನಾದ ಫುಜಿಯಾನ್ ಪ್ರಾಂತ್ಯದ ಫುಡಿಂಗ್, ಜೆಂಗ್‌ಹೆ ಕಡೆಯದು. ಚಿಗುರು ಕೊಯ್ದು, ಬಾಡಿಸಿ, ಒಣಗಿಸುತ್ತಾರೆ, ಅಷ್ಟೇ. ಹೊಸೆಯುವುದಿಲ್ಲ, ಹುರಿಯುವುದಿಲ್ಲ. ಮೊಗ್ಗಿನ ಮೇಲಿನ ಬಿಳಿ ನವಿರು ಹಾಗೇ ಉಳಿಯುತ್ತದೆ. ನೀರು 75–80 ಡಿಗ್ರಿ ಇದ್ದರೆ ಸಾಕು. ರುಚಿ ತುಂಬಾ ತೆಳು. ಅದಕ್ಕೇ ಜೊತೆಗೆ ಏನು ಹಾಕಿದರೂ ಅದರ ಪರಿಮಳವೇ ಮುಂದೆ ಬರುತ್ತದೆ. ಭಾನುವಾರ ಬೆಳಿಗ್ಗೆ ಕಿಟಕಿ ಪಕ್ಕ ಕೂತು ಕುಡಿಯಲು ನನಗೆ ಬಹಳ ಇಷ್ಟವಾಯಿತು. ಸದ್ದಿಲ್ಲ, ಯಾರೂ ಇಲ್ಲ.

ಅಂಥ ಹಳೇ ಮಠದ ತೋಟ ಹೇಗಿತ್ತು ಅಂತ ನೋಡಬೇಕು ಅನ್ನಿಸಿತು. ಇಲ್ಲಿಂದ ಸೇಂಟ್ ಗಾಲೆನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿನ ಮಠ 1805ರಲ್ಲೇ ಮುಚ್ಚಿತು. ಗ್ರಂಥಾಲಯ ಇನ್ನೂ ಉಳಿದಿದೆ. ಅದರಲ್ಲಿ ಒಂದು ನಕ್ಷೆ ಇದೆ ಸೀನ, ನೀನು ನೋಡಬೇಕಿತ್ತು! ಸುಮಾರು 820ರ ಹೊತ್ತಿಗೆ ರೈಷನೌ ದ್ವೀಪದ ಮಠದಲ್ಲಿ ಬರೆದು, ಸೇಂಟ್ ಗಾಲೆನ್‌ನ ಮಠಾಧಿಪತಿ ಗೊಜ್ಬರ್ಟ್‌ಗೆ ಕಳಿಸಿದ್ದು. ಚರ್ಮದ ಐದು ಹಾಳೆಗಳನ್ನು ಸೇರಿಸಿ ಹೊಲಿದಿದ್ದಾರೆ. ಒಂದು ಆದರ್ಶ ಮಠ ಹೇಗಿರಬೇಕು ಅಂತ ಪೂರ್ತಿ ಬಿಡಿಸಿದ್ದಾರೆ. ಚರ್ಚು, ಅಡುಗೆಮನೆ, ಬೇಕರಿ, ಕೋಳಿಗೂಡು, ಕಕ್ಕಸು, ಒಂದನ್ನೂ ಬಿಟ್ಟಿಲ್ಲ. ಹೀಗೇ ಅಂತ ಎಲ್ಲೂ ಕಟ್ಟಲಿಲ್ಲ. 12ನೇ ಶತಮಾನದಲ್ಲಿ ಯಾರೋ ಇದರ ಹಿಂಬದಿಯಲ್ಲಿ ಸಂತ ಮಾರ್ಟಿನನ ಕಥೆ ಬರೆದು, ಮಡಚಿ ಪುಸ್ತಕವಾಗಿ ಇಟ್ಟರು. ಹಾಗಾಗಿಯೇ ಉಳಿಯಿತು.

ಔಷಧಿ ತೋಟ ನಕ್ಷೆಯ ಒಂದು ಮೂಲೆಯಲ್ಲಿದೆ. 16 ಪಾತಿ. ಒಂದೊಂದರಲ್ಲೂ ಗಿಡದ ಹೆಸರು ಬರೆದಿದೆ. ಲಿಲ್ಲಿ, ಗುಲಾಬಿ, ಸೇಜ್, ರೋಸ್‌ಮೇರಿ, ಪುದೀನ. ಆಮೇಲೆ ಜೀರಿಗೆ. ಸೋಂಪು. ಮೆಂತ್ಯ.

ಮೆಂತ್ಯ ಕಣೋ! ಜೀರಿಗೆ, ಸೋಂಪು, ಮೆಂತ್ಯ. ಕೊತ್ತಂಬರಿ ಬೀಜ ಒಂದು ಸೇರಿಸಿದ್ದರೆ ಅಮ್ಮನ ಕಷಾಯದ ಪುಡಿ ಡಬ್ಬಿಯೇ ಆಗಿಬಿಡುತ್ತಿತ್ತು. ಆ ತೋಟದವರು ಚಹಾದ ಹೆಸರನ್ನೂ ಕೇಳಿದವರಲ್ಲ. ಯುರೋಪಿಗೆ ಚಹಾ ಬಂದದ್ದೇ 17ನೇ ಶತಮಾನದಲ್ಲಿ. ಅವರಿಗೂ ನನ್ನ ಡಬ್ಬಿಗೂ ಇರುವ ನಂಟಿಗಿಂತ ಅವರಿಗೂ ತೀರ್ಥಹಳ್ಳಿಯ ನಮ್ಮ ಅಡುಗೆಮನೆಗೂ ಇರುವ ನಂಟು ಜಾಸ್ತಿ ಅನ್ನಿಸಿತು.

ಆದರೆ ನನ್ನನ್ನು ಕಾಡಿದ್ದು ಬೇರೆ. ಆ ತೋಟದ ಪಕ್ಕದಲ್ಲಿ ಏನಿದೆ ಗೊತ್ತಾ? ವೈದ್ಯರ ಮನೆ. ತುಂಬಾ ಕಾಯಿಲೆಯಾದವರಿಗೆ ಒಂದು ಕೋಣೆ. ಅಲ್ಲೇ ಹತ್ತಿರ ರೋಗಿಗಳಿಗೆ ಅಂತಲೇ ಒಂದು ಅಂಗಳ, ಬೇರೆ ಅಡುಗೆಮನೆ, ಸ್ನಾನದ ಮನೆ. ಡಬ್ಬಿಯ ಮೇಲಿನ ಸನ್ಯಾಸಿ ಒಬ್ಬನೇ ಕಣ್ಣು ಮುಚ್ಚಿ ಕೂತಿದ್ದಾನೆ. ನಕ್ಷೆಯ ಸನ್ಯಾಸಿ ಜೀರಿಗೆ ಬೆಳೆಯುತ್ತಿದ್ದದ್ದು ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿದ್ದವನಿಗೆ.

ಆಮೇಲೆ ಸಂತ ಬೆನೆಡಿಕ್ಟ್ 6ನೇ ಶತಮಾನದಲ್ಲಿ ಇಟಲಿಯಲ್ಲಿ ಬರೆದ ಮಠದ ನಿಯಮ ತೆಗೆದು ಓದಿದೆ. 73 ಅಧ್ಯಾಯ. ಅದರಲ್ಲಿ 36ನೆಯದು ರೋಗಿಗಳ ಬಗ್ಗೆ. ಎಲ್ಲಕ್ಕಿಂತ ಮೊದಲು ಅವರ ಆರೈಕೆ ಅನ್ನುತ್ತಾನೆ. ಅವರಿಗೆ ಬೇರೆ ಕೋಣೆ ಕೊಡಿ, ದೈವಭಕ್ತಿ ಇರುವ, ಮುತುವರ್ಜಿಯ ಒಬ್ಬನನ್ನು ಜೊತೆಗೆ ಇಡಿ ಅನ್ನುತ್ತಾನೆ. ಸೀನ, ಆ ಸಾಲು ಓದುವಾಗ ನನಗೆ ನಿನ್ನ ಮುಖವೇ ಕಂಡಿತು.

ಅಮ್ಮನನ್ನು ಪ್ರತಿ ಮಂಗಳವಾರ ಬೈಕಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವವನು ನೀನು. ಚೀಟಿ ಮಾಡಿಸುವವನು ನೀನು. ಮಾತ್ರೆ ಬದಲಾದದ್ದು ನನಗಿಂತ ಮೊದಲು ನಿನಗೆ ಗೊತ್ತಿರುತ್ತದೆ. ಇದಕ್ಕೆಲ್ಲ ನಾನು ಋಣಿ, ಅದು ನಿನಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಅಮ್ಮ ಫೋನಿನಲ್ಲಿ "ಸೀನ ಹಂಗಂದ, ಸೀನ ಹಿಂಗಂದ" ಅಂತ ನಗುತ್ತಾಳೆ. ಆ ನಗು ನನ್ನ ಹತ್ತಿರ ಮಾತಾಡುವಾಗ ಬರುವುದಿಲ್ಲ. ನನ್ನ ಹತ್ತಿರ "ಊಟ ಆಯ್ತಾ, ಚಳಿ ಜಾಸ್ತಿಯಾ" ಅಂತ ಕೇಳುತ್ತಾಳೆ, ನೆಂಟರನ್ನು ವಿಚಾರಿಸಿಕೊಂಡ ಹಾಗೆ. ಅವಳಿಗೆ ನೋವು ಎಲ್ಲಿದೆ ಅಂತ ನಿನಗೆ ಹೇಳುತ್ತಾಳೆ, ನನಗೆ ಹೇಳುವುದಿಲ್ಲ. ಭಾನುವಾರದ ನನ್ನ ಮೌನವನ್ನು ಇಷ್ಟು ದಿನ ನೆಮ್ಮದಿ ಅಂತಿದ್ದೆ. ಅದು ನೆಮ್ಮದಿ ಅಲ್ಲ ಕಣೋ. ಯಾರೂ ನನ್ನನ್ನು ಕರೆಯುತ್ತಿಲ್ಲ, ಅಷ್ಟೇ. ಇಲ್ಲಿ ಕಾಯಿಲೆ ಬಿದ್ದರೆ ನನ್ನ ಪಕ್ಕ ಯಾರಿರುತ್ತಾರೆ ಅಂತಲೂ ಒಮ್ಮೆ ಯೋಚಿಸಿದೆ. ಯೋಚನೆ ಜಾಸ್ತಿ ದೂರ ಹೋಗಲಿಲ್ಲ.

ಸಾಕು. ಇಷ್ಟೆಲ್ಲ ಬರೆಯಬೇಕು ಅಂತ ಕೂತದ್ದಲ್ಲ. ಚಹಾದ ವಿಷಯ ಹೇಳಿ ನಿಲ್ಲಿಸೋಣ ಅಂತಿದ್ದೆ.

ಅದೇ ಅಧ್ಯಾಯದಲ್ಲಿ ಬೆನೆಡಿಕ್ಟ್ ಇನ್ನೊಂದು ಮಾತು ಸೇರಿಸಿದ್ದಾನೆ. ರೋಗಿಗಳು ಬೇಡದ್ದನ್ನೆಲ್ಲ ಕೇಳಿ ಆರೈಕೆ ಮಾಡುವವರನ್ನು ನೋಯಿಸಬಾರದಂತೆ. ಕೇಳಿದರೂ ಇವರು ತಾಳ್ಮೆಯಿಂದ ಸಹಿಸಿಕೊಳ್ಳಬೇಕಂತೆ. ಮೊದಲ ಅರ್ಧವನ್ನು ಅಮ್ಮನಿಗೆ ಓದಿ ಹೇಳುವ ಧೈರ್ಯ ನಿನಗಿದ್ದರೆ ಹೇಳು. ಆಮೇಲೆ ನಿನಗೆ ಆಗುವ ಗತಿಗೆ ನಾನು ಹೊಣೆಯಲ್ಲ.

ಡಿಸೆಂಬರ್‌ನಲ್ಲಿ ಬರುತ್ತಿದ್ದೇನೆ. ಬೈ ಮು ದಾನ್ ಅಂತ ಇನ್ನೊಂದು ಬಿಳಿ ಚಹಾ ಇದೆ. ಮೊಗ್ಗಿನ ಜೊತೆ ಒಂದೆರಡು ಎಲೆಯೂ ಇರುತ್ತದೆ. ಏನೂ ಬೆರೆಸದ್ದು, ನಿನಗೆ ಅದನ್ನೇ ತರುತ್ತೇನೆ. ಅಮ್ಮನ ಕೈಗೆ ಸಿಗದ ಹಾಗೆ ಬಚ್ಚಿಡು, ಬೆಲ್ಲ ಹಾಕಿ ಕುದಿಸಿಬಿಡುತ್ತಾಳೆ. ನಾನಿರುವಷ್ಟು ದಿನ ಮಂಗಳವಾರ ನನ್ನದು. ಬೈಕಿನ ಕೀಲಿ ಕೊಟ್ಟು ನೀನು ಎಲ್ಲಾದರೂ ತಿರುಗಾಡಿ ಬಾ. ಯಾವ ಕೌಂಟರಿನಲ್ಲಿ ಚೀಟಿ ಮಾಡಿಸಬೇಕು, ಯಾವ ನರ್ಸಮ್ಮನನ್ನು ಮೊದಲು ಮಾತಾಡಿಸಬೇಕು ಅಂತ ಮಾತ್ರ ಸರಿಯಾಗಿ ಬರೆದುಕೊಡು.

ಇಂತಿ ನಿನ್ನ,
ಗುರು